ವಾಹನಗಳ ಹೊಗೆಕೊಳವೆಗೆ ಉಷ್ಣಸಹ ಲೇಪದ ಆಯ್ಕೆ

ಮೋಟಾರು ವಾಹನದ ಅಂಗಗಳಲ್ಲಿ ಹೊಗೆಕೊಳವೆಯಷ್ಟು ಪರಸ್ಪರ ವಿರುದ್ಧವಾದ ಪರಿಸ್ಥಿತಿಗಳಿಗೆ ಗುರಿಯಾಗುವ ಅಂಗ ವಿರಳ. ಸಿಲಿಂಡರಿನಲ್ಲಿ ಉರಿದು ಹೊರಬಿದ್ದ ಅನಿಲಗಳ ತಾಪವನ್ನು ಅದು ಒಳಗಿನಿಂದ ತಾಳಿಕೊಳ್ಳಬೇಕು. ಹೊರಗಿನಿಂದ ಮಳೆ, ಕೆಸರು, ಜಲ್ಲಿಕಲ್ಲಿನ ಪೆಟ್ಟು ಇವುಗಳನ್ನು ಸಹಿಸಬೇಕು. ಬೆಳಗಿನ ಇಬ್ಬನಿಯಲ್ಲಿ ತಣ್ಣಗಿದ್ದ ಕೊಳವೆ ಕೆಲವೇ ನಿಮಿಷಗಳಲ್ಲಿ ನೂರಾರು ಡಿಗ್ರಿ ಕಾಯುತ್ತದೆ. ಹಾಗೆ ಕಾದದ್ದು ಹಳ್ಳ ದಾಟುವಾಗ ಒಮ್ಮೆಲೇ ನೀರಿಗೆ ಸಿಕ್ಕುವುದೂ ಉಂಟು. ಇಂಥ ಕೊಳವೆಗೆ ಯಾವ ಲೇಪವನ್ನು ಕೊಡಬೇಕೆಂಬ ಪ್ರಶ್ನೆ ಮೇಲುನೋಟಕ್ಕೆ ಬಣ್ಣದ ಅಂಗಡಿಯಲ್ಲಿಯೇ ಇತ್ಯರ್ಥವಾಗತಕ್ಕ ಅಲ್ಪ ವಿಷಯವೆಂದು ತೋರಬಹುದು. ವಿಚಾರಮಾಡಿ ನೋಡಿದರೆ ಲೋಹವಿಜ್ಞಾನ, ರಸಾಯನಶಾಸ್ತ್ರ, ಭೌತಶಾಸ್ತ್ರ ಈ ಮೂರೂ ಅಲ್ಲಿ ಬಂದು ಕೂಡುತ್ತವೆ. ತರಗತಿಯಲ್ಲಿ ಬೇರೆ ಬೇರೆಯಾಗಿ ಕಲಿತ ತತ್ತ್ವಗಳು ಒಂದು ನಿತ್ಯೋಪಯೋಗಿ ವಸ್ತುವಿನಲ್ಲಿ ಒಟ್ಟಾಗಿ ಹೇಗೆ ಕೆಲಸಮಾಡುತ್ತವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಲೇಪವನ್ನು ಕೊಳ್ಳುವವರು ಸಾಮಾನ್ಯವಾಗಿ ಡಬ್ಬಿಯ ಮೇಲೆ ಅಚ್ಚಾಗಿರುವ ಗರಿಷ್ಠ ಉಷ್ಣತೆಯ ಅಂಕಿಯನ್ನು ನೋಡುತ್ತಾರೆ. ಅಂಕಿ ದೊಡ್ಡದಾದಷ್ಟೂ ಲೇಪ ಉತ್ತಮವೆಂದು ಭಾವಿಸುತ್ತಾರೆ. ಈ ಭಾವನೆ ಪೂರ್ಣ ಸತ್ಯವಲ್ಲವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಲೇಪವು ಸೋಲುವುದು ಕೊಳವೆ ಅತ್ಯಂತ ಕಾದ ಗಳಿಗೆಯಲ್ಲಿ ಎಂಬುದು ನಿಜವಾದರೂ, ಅದು ತಣ್ಣಗಾಗಿ ಒದ್ದೆಯಾಗಿ ನಿಂತ ಗಳಿಗೆಯಲ್ಲಿ ಸೋಲುವುದು ಅದಕ್ಕಿಂತ ಕಡಿಮೆಯೇನೂ ಅಲ್ಲ. ಆದುದರಿಂದ ಲೇಪವನ್ನು ಆರಿಸುವ ಮುನ್ನ ಕೊಳವೆಯನ್ನೇ ಚೆನ್ನಾಗಿ ಅರಿಯಬೇಕಾಗುತ್ತದೆ.

1. ಕೊಳವೆ ಎಲ್ಲಿ ಎಷ್ಟು ಕಾಯುತ್ತದೆ

ಪೆಟ್ರೋಲ್ ಎಂಜಿನ್ನು ಪೂರ್ಣ ಭಾರವನ್ನು ಹೊತ್ತು ನಡೆಯುವಾಗ ಹೊರದ್ವಾರದ ಬಳಿ ಅನಿಲಗಳ ಉಷ್ಣತೆ 800ರಿಂದ 900 ಡಿಗ್ರಿ ಸೆಲ್ಸಿಯಸ್ಸಿನ ವರೆಗೆ ಏರಬಲ್ಲುದು. ಕೊಳವೆಯ ಲೋಹ ಇಷ್ಟು ಕಾಯುವುದಿಲ್ಲ. ಹೊರಗಿನ ಗಾಳಿ ಅದನ್ನು ಸತತವಾಗಿ ತಣಿಸುತ್ತಿರುತ್ತದೆ. ಆದರೂ ಎಂಜಿನ್ನಿಗೆ ಅಂಟಿಕೊಂಡ ಮ್ಯಾನಿಫೋಲ್ಡ್ ಭಾಗ 500 ಡಿಗ್ರಿಯನ್ನು ಮೀರಿ ಕಾಯುವುದು ಸಾಧಾರಣ. ನಡುಭಾಗದಲ್ಲಿ ಉಷ್ಣತೆ 300-400ರ ಆಸುಪಾಸಿಗೆ ಇಳಿಯುತ್ತದೆ. ತುದಿಯ ಸೈಲೆನ್ಸರಿನ ಹೊರಮೈಯಲ್ಲಿ 100ರಿಂದ 300ರ ವರೆಗೆ ಇರಬಹುದು. ಡೀಸೆಲ್ ಎಂಜಿನ್ನಿನ ಹೊಗೆ ಸಾಮಾನ್ಯವಾಗಿ ಇದಕ್ಕಿಂತ ತಂಪು. ಆದರೆ ಮಸಿಯನ್ನು ಹಿಡಿದಿಡುವ ಶೋಧಕವನ್ನು ಅಳವಡಿಸಿದ ಇತ್ತೀಚಿನ ಡೀಸೆಲ್ ವಾಹನಗಳಲ್ಲಿ, ಕೂಡಿದ ಮಸಿಯನ್ನು ಸುಡುವ ವೇಳೆಗೆ ಆ ಭಾಗ ಸುಮಾರು 600 ಡಿಗ್ರಿಗೆ ಏರುತ್ತದೆ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳ ತರುವಾಯ ಇಂಥ ವಾಹನಗಳು ಸರ್ವಸಾಧಾರಣವಾಗಿವೆ.

ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಒಂದೇ ಕೊಳವೆಯಲ್ಲಿ ಹಲವು ಹವಾಮಾನಗಳಿವೆ. ಮೊದಲ ಗೇಣಿಗೆ ತಕ್ಕ ಲೇಪ ಕೊನೆಯ ಮೊಳಕ್ಕೆ ತಕ್ಕುದಾಗಿರಬೇಕೆಂದಿಲ್ಲ. ಉಷ್ಣತೆಯನ್ನು ಊಹಿಸುವುದರ ಬದಲು ಅಳೆಯುವುದು ಲೇಸು. ಇದಕ್ಕೆ ಉಷ್ಣಯುಗ್ಮವನ್ನಾಗಲಿ, ನಿರ್ದಿಷ್ಟ ಉಷ್ಣತೆಯಲ್ಲಿ ಕರಗುವ ಗುರುತುಕಡ್ಡಿಗಳನ್ನಾಗಲಿ ಬಳಸಬಹುದು. ದೂರದಿಂದಲೇ ಅಳೆಯುವ ಅವಕೆಂಪು ಉಷ್ಣಮಾಪಕ ಅನುಕೂಲವಾದುದೇ ಸರಿ. ಆದರೆ ಹೊಳೆಯುವ ಲೋಹದ ಮೇಲೆ ಹಿಡಿದಾಗ ಅದು ನಿಜಕ್ಕಿಂತ ಬಹಳ ಕಡಿಮೆ ಅಂಕಿಯನ್ನು ತೋರಿಸುತ್ತದೆ. ಹೊಳೆಯುವ ಮೈ ಕಡಿಮೆ ವಿಕಿರಣವನ್ನು ಹೊರಸೂಸುವುದೇ ಇದಕ್ಕೆ ಕಾರಣ. ಅಳೆಯಬೇಕಾದ ಜಾಗದಲ್ಲಿ ಉಷ್ಣಸಹವಾದ ಕಪ್ಪು ಬಣ್ಣದ ಒಂದು ಚುಕ್ಕೆಯನ್ನಿಟ್ಟು ಅದರ ಮೇಲೆ ಅಳೆದರೆ ಈ ದೋಷ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

2. ಉಕ್ಕಿನ ಇಬ್ಬರು ಶತ್ರುಗಳು

ಬರಿಯ ಮೃದು ಉಕ್ಕನ್ನು ಗಾಳಿಯಲ್ಲಿ ಕಾಯಿಸಿದರೆ ಸುಮಾರು 220 ಡಿಗ್ರಿಯಲ್ಲಿ ತಿಳಿಹಳದಿ, 300ರ ಹತ್ತಿರ ನೀಲಿ ಬಣ್ಣ ತೋರುವುದು ಕಮ್ಮಾರರೆಲ್ಲರಿಗೂ ಗೊತ್ತು. ಇವು ಮೇಲ್ಮೈಯಲ್ಲಿ ಬೆಳೆಯುವ ಆಕ್ಸೈಡಿನ ತೆಳುಪೊರೆಯಲ್ಲಿ ಬೆಳಕಿನ ವ್ಯತಿಕರಣದಿಂದ ಹುಟ್ಟುವ ಬಣ್ಣಗಳು. ಉಷ್ಣತೆ ಹೆಚ್ಚಿದಂತೆ ಪೊರೆ ದಪ್ಪವಾಗುತ್ತ ಹೋಗುತ್ತದೆ. ಇಲ್ಲಿ 570 ಡಿಗ್ರಿ ಒಂದು ಗಡಿರೇಖೆ. ಅದಕ್ಕಿಂತ ಕೆಳಗೆ ಹೆಮಟೈಟ್ ಮತ್ತು ಮ್ಯಾಗ್ನೆಟೈಟ್ ಎಂಬ ಎರಡು ಪದರಗಳು ನಿಧಾನವಾಗಿ ಬೆಳೆಯುತ್ತವೆ. ಅದಕ್ಕಿಂತ ಮೇಲೆ ಅವುಗಳ ಅಡಿಯಲ್ಲಿ ವ್ಯೂಸ್ಟೈಟ್ ಎಂಬ ಮೂರನೆಯ ಆಕ್ಸೈಡು ಹುಟ್ಟುತ್ತದೆ. ಇದರ ಸ್ಫಟಿಕದಲ್ಲಿ ಕಬ್ಬಿಣದ ಅಯಾನುಗಳಿರಬೇಕಾದ ಅನೇಕ ಸ್ಥಾನಗಳು ಬರಿದಾಗಿರುವುದರಿಂದ ಲೋಹವು ಅದರ ಮೂಲಕ ಸುಲಭವಾಗಿ ಹೊರಗೆ ಸಂಚರಿಸುತ್ತದೆ. ಪೊರೆ ವೇಗವಾಗಿ ಬೆಳೆದು ಹಕ್ಕಳೆಯಾಗಿ ಉದುರುತ್ತದೆ. ಮೃದು ಉಕ್ಕಿನ ಮ್ಯಾನಿಫೋಲ್ಡಿನ ಮೇಲಿನ ಬಣ್ಣ ಹಾಳೆಹಾಳೆಯಾಗಿ ಎದ್ದು ಬಂದರೆ ಅನೇಕ ವೇಳೆ ತಪ್ಪು ಬಣ್ಣದ್ದಲ್ಲ. ಬಣ್ಣ ಹಿಡಿದುಕೊಂಡಿದ್ದ ನೆಲವೇ ಕಳಚಿಬಂದಿರುತ್ತದೆ.

ಎರಡನೆಯ ಶತ್ರು ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಆಕ್ಟೇನಿನ ದಹನ ಸಮೀಕರಣವನ್ನು ಬರೆದು ವಿದ್ಯಾರ್ಥಿಗಳು ಇದನ್ನು ತಾವೇ ಗಣಿಸಿ ನೋಡಬಹುದು: 114 ಗ್ರಾಂ ಆಕ್ಟೇನಿನಿಂದ 162 ಗ್ರಾಂ ನೀರು. ಕೊಳವೆಯ ಒಳಮೈ ಸುಮಾರು 50 ಡಿಗ್ರಿಗಿಂತ ತಣ್ಣಗಿದ್ದಾಗ ಈ ಆವಿ ಅಲ್ಲಿ ಹನಿಗಟ್ಟುತ್ತದೆ. ಹೊಗೆಯಲ್ಲಿನ ಗಂಧಕ ಮತ್ತು ಸಾರಜನಕದ ಆಕ್ಸೈಡುಗಳು ಅದರಲ್ಲಿ ಕರಗಿ ಅದನ್ನು ಆಮ್ಲೀಯವಾಗಿಸುತ್ತವೆ. ದೂರ ಪ್ರಯಾಣದಲ್ಲಿ ಕೊಳವೆ ಪೂರ್ತಿ ಕಾದು ಈ ನೀರು ಆರಿಹೋಗುತ್ತದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಮಾತ್ರ ಓಡುವ ವಾಹನದಲ್ಲಿ ಅದು ಸೈಲೆನ್ಸರಿನ ತಳದಲ್ಲಿ ನಿಂತು ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಇಂಧನದಲ್ಲಿನ ಗಂಧಕ ಈಗ ಹತ್ತು ಲಕ್ಷಕ್ಕೆ 10 ಭಾಗದ ಮಿತಿಗೆ ಇಳಿದಿರುವುದರಿಂದ ಆಮ್ಲದ ಉಪದ್ರವ ತಗ್ಗಿದೆ, ನೀರಿನದು ತಗ್ಗಿಲ್ಲ. ಹೊರಗೆ ಎಷ್ಟೇ ಬೆಲೆಬಾಳುವ ಲೇಪವನ್ನು ಬಳಿದರೂ ಈ ಒಳಗಿನ ಕೊರೆತವನ್ನು ಅದು ತಡೆಯಲಾರದು. ಹೊರಗೆ ಹೊಸದರಂತೆ ಹೊಳೆಯುತ್ತಿದ್ದ ಸೈಲೆನ್ಸರು ಇದ್ದಕ್ಕಿದ್ದಂತೆ ತೂತಾಗುವುದರ ರಹಸ್ಯವಿದು. ಸೈಲೆನ್ಸರಿನ ತಗ್ಗಾದ ಭಾಗದಲ್ಲಿ ತಯಾರಕರು ಬಿಟ್ಟಿರುವ ಸಣ್ಣ ರಂಧ್ರ ನೀರು ಬಸಿಯಲೆಂದೇ ಇರುವುದು. ಬಣ್ಣ ಬಳಿಯುವವರು ಅದನ್ನು ಮುಚ್ಚಕೂಡದು.

3. ಲೇಪಗಳ ವಿಮರ್ಶೆ

ಮನೆಯ ಕಿಟಕಿ ಬಾಗಿಲುಗಳಿಗೆ ಬಳಿಯುವ ಬಣ್ಣಗಳ ರಾಳ ಇಂಗಾಲದ ಸರಪಳಿಗಳಿಂದ ಕೂಡಿದ್ದು. ಅದು 200 ಡಿಗ್ರಿಯ ಆಸುಪಾಸಿನಲ್ಲಿಯೇ ಕಂದಿ, ಕರಕಾಗಿ, ಉದುರುತ್ತದೆ. ಹೊಗೆಕೊಳವೆಗೆ ಅದು ಸಲ್ಲದು. ಸತುವಿನ ಲೇಪ ಸೇತುವೆಗಳಿಗೂ ತಗಡುಗಳಿಗೂ ಶ್ರೇಷ್ಠವಾದುದಾದರೂ ಸತು 420 ಡಿಗ್ರಿಗೆ ಮುನ್ನವೇ ಕರಗುತ್ತದೆ. ಸತು ಅದ್ದಿದ ಉಕ್ಕನ್ನು ದೀರ್ಘಕಾಲ 200 ಡಿಗ್ರಿಗಿಂತ ಮೇಲೆ ಬಳಸುವುದು ಯುಕ್ತವಲ್ಲ.

ಇಂದು ಉಷ್ಣಸಹ ಬಣ್ಣವೆಂದು ಮಾರಾಟವಾಗುವುದರಲ್ಲಿ ಬಹುಪಾಲು ಸಿಲಿಕೋನ್ ರಾಳದ್ದು. ಇದರ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕ ಪರಮಾಣುಗಳು ಒಂದಾದ ಮೇಲೊಂದರಂತೆ ಹೆಣೆದುಕೊಂಡ ಸರಪಳಿ. ಈ ಬಂಧವನ್ನು ಮುರಿಯಲು ಇಂಗಾಲ-ಇಂಗಾಲ ಬಂಧಕ್ಕಿಂತ ಹೆಚ್ಚಿನ ಶಕ್ತಿ ಬೇಕಾಗುತ್ತದೆ. ಈ ಸಂಯುಕ್ತಗಳ ಚರಿತ್ರೆ ವಿದ್ಯಾರ್ಥಿಗಳು ಅರಿಯತಕ್ಕದ್ದಾಗಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ದಶಕಗಳ ಕಾಲ ಇವನ್ನು ಅಭ್ಯಾಸಮಾಡಿದರೂ, 1937ರಲ್ಲಿ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸ ಮಾಡುವಾಗ ಈ ಶಾಖೆಯ ಮುನ್ನಡೆಯ ವಿಷಯದಲ್ಲಿ ಅಷ್ಟಾಗಿ ಭರವಸೆ ತೋರಿಸಲಿಲ್ಲ. ಮೂರೇ ವರ್ಷಗಳಲ್ಲಿ, 1940ರಲ್ಲಿ, ಅಮೆರಿಕದ ಯೂಜೀನ್ ರೋಚೋ ತಾಮ್ರದ ವೇಗವರ್ಧಕದ ನೆರವಿನಿಂದ ಸಿಲಿಕಾನನ್ನೂ ಮೀಥೈಲ್ ಕ್ಲೋರೈಡನ್ನೂ ನೇರವಾಗಿ ಕೂಡಿಸುವ ವಿಧಾನವನ್ನು ಕಂಡುಹಿಡಿದರು. ಸಿಲಿಕೋನು ಕೈಗಾರಿಕೆಯ ವಸ್ತುವಾಯಿತು. ಫಲದ ಆಸೆಯಿಲ್ಲದೆ ನಡೆದ ಅಭ್ಯಾಸವೊಂದು ಲೋಕೋಪಯೋಗಿಯಾದ ಬಗೆ ಇದು.

ಸಿಲಿಕೋನ್ ಬಣ್ಣದ ವರ್ತನೆಯಲ್ಲಿ ಒಂದು ವಿಶೇಷವುಂಟು. ಅದು ಉಷ್ಣವನ್ನು ತಾಳುವುದು ತಾನು ಬದಲಾಗದೆ ಉಳಿದು ಅಲ್ಲ, ಬದಲಾಗುವುದರ ಮೂಲಕ. ಉಷ್ಣತೆ ಏರಿದಂತೆ ರಾಳದಲ್ಲಿರುವ ಕಾರ್ಬನಿಕ ಗುಂಪುಗಳು ಉರಿದುಹೋಗುತ್ತವೆ. ಉಳಿದ ಸಿಲಿಕಾ ಜಾಲವು ವರ್ಣದ್ರವ್ಯದೊಡನೆ ಬೆಸೆದು ಲೋಹಕ್ಕೆ ಕಚ್ಚಿಕೊಳ್ಳುತ್ತದೆ. ಆದುದರಿಂದ ಇಲ್ಲಿ ವರ್ಣದ್ರವ್ಯ ಬರಿಯ ಬಣ್ಣಕ್ಕಾಗಿ ಇರುವುದಲ್ಲ, ಕಟ್ಟಡದ ಕಲ್ಲಿನಂತೆ ಇರುವುದು. ಅಲ್ಯುಮಿನಿಯಮಿನ ಎಲೆಯಾಕಾರದ ಕಣಗಳು ಹೆಂಚುಗಳಂತೆ ಒಂದರ ಮೇಲೊಂದು ಒರಗಿ ನೀರಿಗೂ ಗಾಳಿಗೂ ದಾರಿಯನ್ನು ಉದ್ದವಾಗಿಸುತ್ತವೆ. ಅಲ್ಯುಮಿನಿಯಂ ಕೂಡಿದ ಒಳ್ಳೆಯ ಸಿಲಿಕೋನ್ ಬಣ್ಣ ಸುಮಾರು 600 ಡಿಗ್ರಿಯ ವರೆಗೆ ನಂಬತಕ್ಕದ್ದು. ಕಪ್ಪು ಬಣ್ಣದವುಗಳಲ್ಲಿ ಉಷ್ಣಸ್ಥಿರವಾದ ಲೋಹಾಕ್ಸೈಡುಗಳನ್ನು ಬಳಸುತ್ತಾರೆ. ಕೆಂಪು ಹಳದಿ ಮುಂತಾದ ಉಜ್ಜ್ವಲ ವರ್ಣಗಳಲ್ಲಿ ಬಹಳಷ್ಟು ಇಷ್ಟು ಉಷ್ಣತೆಯನ್ನು ತಾಳಲಾರವು.

ಅಲ್ಯುಮಿನಿಯಮನ್ನು ಬಣ್ಣವಾಗಿ ಬಳಿಯುವುದರ ಬದಲು ಉಕ್ಕಿನ ತಗಡನ್ನೇ ಕರಗಿದ ಅಲ್ಯುಮಿನಿಯಂ-ಸಿಲಿಕಾನ್ ಮಿಶ್ರಲೋಹದಲ್ಲಿ ಅದ್ದಿ ತೆಗೆಯುವ ಕ್ರಮ ಸೈಲೆನ್ಸರುಗಳಿಗೆ ಬಹುಕಾಲದಿಂದ ರೂಢಿಯಲ್ಲಿದೆ. ಇದರ ರಕ್ಷಣೆ ಒಳಮೈಗೂ ಒದಗುವುದು ದೊಡ್ಡ ಗುಣ. ಬೆಸುಗೆ ಹಾಕಿದ ಜಾಗದಲ್ಲಿ ಲೇಪ ಸುಟ್ಟುಹೋಗುವುದು ಅದರ ದೋಷ. ಲೇಪದ ಗೊಡವೆಯೇ ಬೇಡವೆಂದರೆ ಸುಮಾರು 11 ಶೇಕಡ ಕ್ರೋಮಿಯಂ ಉಳ್ಳ ಸ್ಟೇನ್‌ಲೆಸ್ ಉಕ್ಕಿದೆ. ಇಂದಿನ ಕಾರುಗಳ ಹೊಗೆಕೊಳವೆಗಳಿಗೆ ಇದನ್ನು ವ್ಯಾಪಕವಾಗಿ ಬಳಸುತ್ತಾರೆ. ಹೊರಮೈಯಲ್ಲಿ ಕಂದುಬಣ್ಣದ ತೆಳು ತುಕ್ಕು ತೋರಿದರೂ ಇದು ಬಹುಕಾಲ ಬಾಳುತ್ತದೆ.

ಗಾಜುಲೇಪ, ಎಂದರೆ ಪಿಂಗಾಣಿ ಎನಾಮೆಲ್, ಇನ್ನೊಂದು ಬಗೆ. ಬ್ರಿಟನ್ನಿನ ಜಾಗ್ವಾರ್ ಕಾರುಗಳ ಎಕ್ಸ್‌ಕೆ ಎಂಜಿನ್ನಿನ ಎರಕದ ಮ್ಯಾನಿಫೋಲ್ಡುಗಳಿಗೆ ಇದನ್ನು ಕೊಡುತ್ತಿದ್ದರು. ಇಲ್ಲಿ ಹಿಗ್ಗುವಿಕೆಯ ಹೊಂದಾಣಿಕೆಯೇ ಸರ್ವಸ್ವ. ಒಂದು ಮೀಟರ್ ಉದ್ದದ ಮೃದು ಉಕ್ಕು ಪ್ರತಿ ಡಿಗ್ರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 500 ಡಿಗ್ರಿ ಕಾದರೆ ಅದು 6 ಮಿ.ಮೀ. ಉದ್ದವಾಗುತ್ತದೆ. ಮೇಲಿನ ಗಾಜು ಉಕ್ಕಿಗಿಂತ ತುಸು ಕಡಿಮೆ ಹಿಗ್ಗಿ ಕುಗ್ಗುವಂಥದಾಗಿರಬೇಕು. ಆಗ ತಣಿದಾಗ ಗಾಜು ಒತ್ತಡಕ್ಕೆ ಸಿಕ್ಕುತ್ತದೆ. ಗಾಜು ಒತ್ತಡವನ್ನು ತಾಳಬಲ್ಲುದು, ಎಳೆತವನ್ನು ತಾಳಲಾರದು. ಜಲ್ಲಿಕಲ್ಲಿನ ಪೆಟ್ಟನ್ನೂ ಅದು ತಾಳಲಾರದಾದುದರಿಂದ ನಮ್ಮ ರಸ್ತೆಗಳಿಗೆ ಅಷ್ಟಾಗಿ ಒಪ್ಪುವುದಿಲ್ಲ.

4. ಕ್ರೋಮಿಯಂ ಲೇಪ: ಮೈಸೂರಿನ ಒಂದು ನಿದರ್ಶನ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರ ವರೆಗೆ ತಯಾರಾದ ಜಾವಾ ಮತ್ತು ಯೆಜ್ದಿ ಮೋಟಾರು ಸೈಕಲ್ಲುಗಳನ್ನು ಹಲವರು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಅವುಗಳ 250 ಘನ ಸೆಂಟಿಮೀಟರಿನ ಎಂಜಿನ್ನಿಗೆ ಸಿಲಿಂಡರ್ ಒಂದೇ, ಹೊಗೆಕೊಳವೆಗಳು ಎರಡು. ಎರಡಕ್ಕೂ ಕನ್ನಡಿಯಂಥ ಕ್ರೋಮಿಯಂ ಲೇಪ. ಈ ಹೊಳಪಿನ ಪದರ ಒಂದು ಮೈಕ್ರಾನಿಗಿಂತಲೂ ತೆಳುವಾದುದು, ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರುತ್ತವೆ. ಉಕ್ಕನ್ನು ವಾಸ್ತವಿಕವಾಗಿ ರಕ್ಷಿಸುವುದು ಅದರ ಅಡಿಯಲ್ಲಿರುವ ನಿಕ್ಕಲ್ ಪದರ. ಎಂಜಿನ್ನಿನ ಬಳಿ ಕೊಳವೆ ಬಾಗುವಲ್ಲಿ ಕ್ರೋಮಿಯಂ ಮೊದಲು ಹೊಂಬಣ್ಣಕ್ಕೆ, ಅನಂತರ ನೀಲಿಗೆ ತಿರುಗುವುದನ್ನು ಕಂಡು ಒಡೆಯರು ಲೇಪ ಕಳಪೆಯೆಂದು ದೂರುವುದುಂಟು. ಇದು ಮೇಲೆ ಹೇಳಿದ ವ್ಯತಿಕರಣದ ಬಣ್ಣವೇ ಹೊರತು ಲೇಪದ ದೋಷವಲ್ಲ. ಆ ಜಾಗ ಎಷ್ಟು ಕಾದಿತ್ತೆಂಬುದಕ್ಕೆ ಲೋಹವೇ ಬರೆದಿಟ್ಟ ದಾಖಲೆ. ಎಷ್ಟು ಸಲ ಹೊಸದಾಗಿ ಲೇಪಿಸಿದರೂ ಬಣ್ಣ ಮರಳಿ ಬರುತ್ತದೆ. ಪ್ರತಿ ಸಲವೂ ಉಜ್ಜಿ ನಯಗೊಳಿಸಬೇಕಾಗುವುದರಿಂದ ಕೊಳವೆಯ ಗೋಡೆ ಮಾತ್ರ ಸವೆಯುತ್ತ ಹೋಗುತ್ತದೆ.

ಆದುದರಿಂದ ಇಂಥ ಹಳೆಯ ವಾಹನಗಳಿಗೆ ಕ್ರೋಮಿಯಮನ್ನು ರೂಪದ ನಿಷ್ಠೆಗಾಗಿ ಆರಿಸಬಹುದು. ಉಷ್ಣಸಹನೆಗಾಗಿ ಆರಿಸುವುದು ಸರಿಯಲ್ಲ.

5. ಕಪ್ಪೋ ಬಿಳುಪೋ

ಲೇಪದ ಬಣ್ಣ ಅಭಿರುಚಿಯ ವಿಷಯವೆಂದು ತೋರುತ್ತದೆ. ಭೌತಶಾಸ್ತ್ರದ ದೃಷ್ಟಿಯಲ್ಲಿ ಅದು ಉಷ್ಣದ ಲೆಕ್ಕಾಚಾರಕ್ಕೆ ಸೇರಿದ್ದು. ಕಾದ ವಸ್ತು ಸೂಸುವ ವಿಕಿರಣ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆಂದು ಜೋಸೆಫ್ ಸ್ಟೆಫಾನ್ 1879ರಲ್ಲಿ ನಿರೂಪಿಸಿದರು. 40 ಮಿ.ಮೀ. ವ್ಯಾಸದ, ಒಂದು ಮೀಟರ್ ಉದ್ದದ ಕೊಳವೆ 400 ಡಿಗ್ರಿಯಲ್ಲಿದೆ ಎಂದಿಟ್ಟುಕೊಳ್ಳೋಣ. ಮಂಕಾದ ಕಪ್ಪು ಲೇಪದ ಉತ್ಸರ್ಜನಾಂಕ 0.9 ಎಂದು ಹಿಡಿದರೆ ಅದು ಸುಮಾರು 1,300 ವ್ಯಾಟುಗಳಷ್ಟು ಉಷ್ಣವನ್ನು ಸೂಸುತ್ತದೆ. ಅಲ್ಯುಮಿನಿಯಂ ಬಣ್ಣದ ಉತ್ಸರ್ಜನಾಂಕ 0.3 ಎಂದು ಹಿಡಿದರೆ ಸುಮಾರು 440 ವ್ಯಾಟು. ಕಪ್ಪು ಕೊಳವೆ ಉಷ್ಣವನ್ನು ಹೊರಚೆಲ್ಲಿ ತಾನು ತಂಪಾಗುತ್ತದೆ, ಸುತ್ತಲಿನ ವಸ್ತುಗಳನ್ನು ಕಾಯಿಸುತ್ತದೆ. ಹೊಳೆಯುವ ಕೊಳವೆ ಉಷ್ಣವನ್ನು ಒಳಗೇ ಉಳಿಸಿಕೊಂಡು ತಾನು ಹೆಚ್ಚು ಕಾಯುತ್ತದೆ. ವೇಗವರ್ಧಕ ಪೆಟ್ಟಿಗೆ ಸುಮಾರು 250-300 ಡಿಗ್ರಿಗೆ ಕಾಯುವ ತನಕ ಹೊಗೆಯನ್ನು ಶುದ್ಧಿಗೊಳಿಸಲಾರದಾದುದರಿಂದ ಅದರ ಹಿಂದಿನ ಭಾಗದಲ್ಲಿ, ಎಂದರೆ ಎಂಜಿನ್ನಿಗೂ ಅದಕ್ಕೂ ನಡುವೆ, ಉಷ್ಣವನ್ನು ಉಳಿಸಿಕೊಳ್ಳುವುದು ಮೇಲು.

ಸೆರಾಮಿಕ್ ಲೇಪಗಳ ವಿಷಯದಲ್ಲಿಯೂ ಇದೇ ಲೆಕ್ಕವನ್ನು ಹಾಕಿ ನೋಡಬೇಕು. ಪ್ಲಾಸ್ಮಾ ಜ್ವಾಲೆಯಿಂದ ಸಿಂಪಡಿಸಿದ ಜಿರ್ಕೋನಿಯಾದ ಉಷ್ಣವಾಹಕತೆ ಬಹಳ ಕಡಿಮೆ, ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು ಒಂದು ವ್ಯಾಟು. ಆದರೂ ಚದರ ಮೀಟರಿಗೆ 10,000 ವ್ಯಾಟು ಹರಿಯುವ ಕೊಳವೆಯ ಮೇಲೆ 0.3 ಮಿ.ಮೀ. ದಪ್ಪದ ಪದರದಿಂದ ಆಗುವ ಉಷ್ಣತೆಯ ಇಳಿತ 3 ಡಿಗ್ರಿ ಮಾತ್ರ. ಅದೇ ವಾಹಕತೆಯ 0.05 ಮಿ.ಮೀ. ಬಣ್ಣದಿಂದ ಅರ್ಧ ಡಿಗ್ರಿ. ತೆಳುಲೇಪವೊಂದು ಕಂಬಳಿಯಂತೆ ಉಷ್ಣವನ್ನು ತಡೆಯುತ್ತದೆಂಬ ಜಾಹೀರಾತಿನ ಮಾತನ್ನು ಹೀಗೆ ಅಂಕಿಗಳ ಮುಂದೆ ನಿಲ್ಲಿಸಿ ನೋಡುವುದು ಕ್ಷೇಮ. ಕೊಳವೆಗೆ ಸುತ್ತುವ ಗಾಜುನಾರಿನ ಪಟ್ಟಿ ಉಷ್ಣವನ್ನು ನಿಜವಾಗಿಯೂ ತಡೆಯುತ್ತದೆ. ಆದರೆ ಮಳೆಯಲ್ಲಿ ನೀರನ್ನು ಹೀರಿ ಹಿಡಿದಿಟ್ಟು, ಕಾದಾಗ ಲೋಹದ ಉಷ್ಣತೆಯನ್ನು ಏರಿಸಿ, ಎರಡೂ ಶತ್ರುಗಳಿಗೆ ಬಾಗಿಲು ತೆರೆಯುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಂಥ ಉಪ್ಪುಗಾಳಿಯ ಊರುಗಳಲ್ಲಿ ಮೃದು ಉಕ್ಕಿನ ಕೊಳವೆಗೆ ಇದನ್ನು ಸುತ್ತದಿರುವುದೇ ಒಳಿತು.

6. ಹಚ್ಚುವ ಕ್ರಮ ಮತ್ತು ಹಚ್ಚುವವನ ಕ್ಷೇಮ

ಲೇಪ ಯಾವುದೇ ಇರಲಿ, ಅದರ ಆಯುಸ್ಸು ಮೇಲ್ಮೈಯ ಸಿದ್ಧತೆಯನ್ನು ಅವಲಂಬಿಸಿದೆ. ತುಕ್ಕು, ಹಕ್ಕಳೆ, ಎಣ್ಣೆಯ ಜಿಡ್ಡು ಇವುಗಳನ್ನು ಸಂಪೂರ್ಣವಾಗಿ ತೆಗೆದು, ಲೋಹವನ್ನು ಸ್ವಲ್ಪ ಒರಟುಮಾಡಿ, ಅನಂತರ ಕೈಬೆರಳು ತಗಲದಂತೆ ಬಣ್ಣ ಹಚ್ಚಬೇಕು. ಪ್ರತಿ ಪದರ ಸುಮಾರು 20-25 ಮೈಕ್ರಾನಿನಷ್ಟು ತೆಳುವಾಗಿರಬೇಕು, ಎರಡು ಪದರ ಸಾಕು. ದಪ್ಪವಾಗಿ ಬಳಿದರೆ ಬಾಳಿಕೆ ಹೆಚ್ಚೆಂದು ತಿಳಿಯುವುದು ತಪ್ಪು. ದಪ್ಪ ಪದರ ಕಾದಾಗ ಗುಳ್ಳೆಯೆದ್ದು ಬಿರಿಯುತ್ತದೆ. ಸಿಲಿಕೋನ್ ಬಣ್ಣಗಳಲ್ಲಿ ಹೆಚ್ಚಿನವು ಗಾಳಿಯಲ್ಲಿ ಒಣಗಿದಂತೆ ಕಂಡರೂ ಸುಮಾರು 200 ಡಿಗ್ರಿಯಲ್ಲಿ ಕಾಯ್ದ ಮೇಲೆಯೇ ಗಟ್ಟಿಗೊಳ್ಳುತ್ತವೆ. ಅದಕ್ಕೆ ಮುನ್ನ ಪೆಟ್ರೋಲ್ ಸಿಡಿದರೂ ಬಣ್ಣ ಎದ್ದುಬರುತ್ತದೆ. ವಾಹನದ ಮೇಲೆಯೇ ಕಾಯಿಸುವುದಾದರೆ ಎಂಜಿನ್ನನ್ನು ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ತಣಿಸುತ್ತ ನಡೆಸಬೇಕು. ಇದನ್ನು ಬಯಲಿನಲ್ಲಿ ಮಾಡಬೇಕೇ ಹೊರತು ಮುಚ್ಚಿದ ಕೊಟ್ಟಿಗೆಯಲ್ಲಿ ಮಾಡಕೂಡದು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಂತಿಕ.

ಲೇಪದ ಆಯ್ಕೆ ಮನುಷ್ಯರ ದೇಹಕ್ಕೂ ಸಂಬಂಧಿಸಿದ್ದೆಂಬುದನ್ನು ಮರೆಯಲಾಗದು. ಒಣ ಮರಳನ್ನು ಗಾಳಿಯ ವೇಗದಿಂದ ಚಿಮ್ಮಿ ತುಕ್ಕು ತೆಗೆಯುವ ಪದ್ಧತಿಯಿಂದ ಸಿಲಿಕಾ ಧೂಳು ಶ್ವಾಸಕೋಶವನ್ನು ಸೇರುತ್ತದೆ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ರೋಗಕ್ಕೆ ಇಂಥ ಧೂಳೇ ಕಾರಣವಾಗಿತ್ತು. ಮರಳಿಗೆ ಬದಲು ಉಕ್ಕಿನ ಹರಳು ಅಥವಾ ಅಲ್ಯುಮಿನಿಯಂ ಆಕ್ಸೈಡನ್ನು ಬಳಸಬೇಕು. ಕ್ರೋಮಿಯಂ ಲೇಪದ ತೊಟ್ಟಿಗಳಲ್ಲಿ ಸಾಂಪ್ರದಾಯಿಕವಾಗಿ ಬಳಸುವ ಷಡ್ವೇಲೆನ್ಸಿಯ ಕ್ರೋಮಿಯಂ ಅರ್ಬುದಕಾರಕ. ಅದರ ಹಬೆ ಕೆಲಸಗಾರನನ್ನು, ಅದರ ತ್ಯಾಜ್ಯ ಸುತ್ತಲಿನ ಬಾವಿಗಳನ್ನು ಕೆಡಿಸುತ್ತದೆ; ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಅದು ಕಂಡುಬಂದಿದೆ.

ಸವಾರನ ಮಾತೂ ಇದೆ. 70 ಡಿಗ್ರಿಯ ಲೋಹ ಒಂದು ಕ್ಷಣ ತಗಲಿದರೂ ಚರ್ಮ ಸುಡುತ್ತದೆ. ಸೈಲೆನ್ಸರಿನ ತೀರ ತಂಪಾದ ಭಾಗವೂ ಇದಕ್ಕಿಂತ ಬಿಸಿಯಾಗಿರುವುದು ಸಾಮಾನ್ಯ. ಕಾದ ಕೊಳವೆಗೂ ತಣ್ಣನೆಯ ಕೊಳವೆಗೂ ನೋಟದಲ್ಲಿ ಭೇದವಿಲ್ಲ. ಹಿಂದೆ ಕುಳಿತ ಮಗುವಿನ ಕಣಕಾಲು ಸುಟ್ಟ ಗಾಯಗಳು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಮೇಲಿನ ಗಣನೆಯಂತೆ ಯಾವ ತೆಳುಲೇಪವೂ ಇದನ್ನು ತಪ್ಪಿಸಲಾರದು. ಇದಕ್ಕೆ ಬೇಕಾದುದು ಕೊಳವೆಯಿಂದ ಗಾಳಿಯ ಅಂತರವನ್ನಿಟ್ಟು ಬಿಗಿದ ತಗಡಿನ ಕವಚ. ಅಂದಕ್ಕಾಗಿ ಅದನ್ನು ಬಿಚ್ಚಿಹಾಕುವುದು ಅವಿವೇಕ.

7. ಉಪಸಂಹಾರ

ಮೇಲಿನ ವಿಚಾರದಿಂದ ಈ ನಿರ್ಣಯಗಳು ಹೊರಡುತ್ತವೆ. ಮೃದು ಉಕ್ಕಿನ ಕೊಳವೆ 570 ಡಿಗ್ರಿಗಿಂತ ಕೆಳಗೆ ಇರುವೆಡೆ ಅಲ್ಯುಮಿನಿಯಂ ಕೂಡಿದ ಸಿಲಿಕೋನ್ ಬಣ್ಣ ಅಲ್ಪವ್ಯಯದ ಉತ್ತಮ ಆಯ್ಕೆ. ಸತತವಾಗಿ ಅದಕ್ಕಿಂತ ಮೇಲೆ ಕಾಯುವೆಡೆ ಬಣ್ಣವನ್ನು ಬದಲಾಯಿಸುವುದಕ್ಕಿಂತ ಲೋಹವನ್ನೇ ಬದಲಾಯಿಸಿ ಸ್ಟೇನ್‌ಲೆಸ್ ಉಕ್ಕಿಗೆ ಹೋಗುವುದು ಯುಕ್ತ. ಗಿಡ್ಡ ಪ್ರಯಾಣಗಳ ವಾಹನಕ್ಕೆ ಒಳಮೈಯನ್ನೂ ಕಾಯುವ ಅಲ್ಯುಮಿನಿಯಂ ಅದ್ದಿದ ಉಕ್ಕಿನ ಸೈಲೆನ್ಸರು ಹಿತ. ಕ್ರೋಮಿಯಂ ಅಲಂಕಾರಕ್ಕೆ, ಕವಚ ಕಾಲಿಗೆ.

ವಿದ್ಯಾರ್ಥಿಗಳು ಇದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ಮೃದು ಉಕ್ಕಿನ ಒಂದೇ ಅಳತೆಯ ಪಟ್ಟಿಗಳಲ್ಲಿ ಕೆಲವನ್ನು ಚೆನ್ನಾಗಿ ಶುದ್ಧಿಮಾಡಿ, ಕೆಲವನ್ನು ಹಾಗೆಯೇ ಬಿಟ್ಟು, ಒಂದೇ ಬಣ್ಣವನ್ನು ಹಚ್ಚಿ ಗಟ್ಟಿಗೊಳಿಸಲಿ. ಅನಂತರ ಕುಲುಮೆಯಲ್ಲಿ 400 ಡಿಗ್ರಿಗೆ ಕಾಯಿಸಿ, ಚಿಮಟದಿಂದ ಹಿಡಿದು ನೀರಿನಲ್ಲಿ ಅದ್ದಿ, ಒಂದು ರಾತ್ರಿ ಉಪ್ಪುನೀರಿನ ಬಟ್ಟೆಯಲ್ಲಿ ಸುತ್ತಿಟ್ಟು, ಮರುದಿನ ಮತ್ತೆ ಕಾಯಿಸಲಿ. ಪ್ರತಿ ಆವರ್ತದ ತರುವಾಯ ಪಟ್ಟಿಗಳನ್ನು ತೂಗಿ, ಬಣ್ಣ ಬಿಟ್ಟ ಜಾಗವನ್ನು ಚೌಕುಳಿ ಕಾಗದದ ಮೇಲೆ ಗುರುತಿಸಿಕೊಳ್ಳಲಿ. ಹೀಗೆ ಮಾಡಿದಾಗ ಬೆಂಕಿ ಮತ್ತು ನೀರು ಬೇರೆ ಬೇರೆಯಾಗಿ ಮಾಡುವ ಕೆಡುಕಿಗಿಂತ ಒಂದಾದ ಮೇಲೊಂದು ಬಂದು ಮಾಡುವ ಕೆಡುಕು ಎಷ್ಟು ಹೆಚ್ಚೆಂಬುದು ಅವರ ಅನುಭವಕ್ಕೆ ಬರುತ್ತದೆ. ಡಬ್ಬಿಯ ಮೇಲಿನ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲವೆಂಬುದೂ ಆಗ ತಾನೇ ಮನದಟ್ಟಾಗುತ್ತದೆ.